ಅರವಟ್ಟಿಗೆಯ ಲೆಕ್ಕ

"ಗುರುಗಳೇ, ನಮ್ಮ ಮಠದ ಔಷಧಶಾಲೆಗೆ ಈ ವರ್ಷ ಹೋದ ವರ್ಷದ ಎರಡರಷ್ಟು ಜನ ಬಂದಿದ್ದಾರೆ. ದಾನಿಗಳಿಗೆ ಕಳಿಸುವ ವರದಿಯಲ್ಲಿ ಅಷ್ಟು ಬರೆದರೆ ಸಾಲದೇ? ಇನ್ನೂ ಏನನ್ನು ವಿಚಾರಿಸಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಬೇಸಿಗೆಯಲ್ಲಿ ದಾರಿಹೋಕರಿಗೂ ಹೊಲಕ್ಕೆ ಹೋಗುವವರಿಗೂ ಎಂದು ಅರವಟ್ಟಿಗೆ ಇಡಿಸಿದ. ನೀರಿಗೆ ಲಾವಂಚದ ಬೇರು ಹಾಕಿಸಿದ. ನೀರೆರೆಯಲು ಒಬ್ಬ ಹೆಂಗಸನ್ನು ನೇಮಿಸಿ, "ಯಾರ ಊರನ್ನೂ ಹೆಸರನ್ನೂ ಕೇಳಬೇಡಮ್ಮ. ಮುಖವನ್ನೂ ನೋಡಬೇಡ. ಪಡೆಯುವವರಿಗೆ ಸಂಕೋಚವಾಗಬಾರದು" ಎಂದ. ದೊಡ್ಡ ಮನಸ್ಸೇ, ಇಲ್ಲವೆನ್ನಲಾರೆ. ಆಕೆ ತಲೆ ತಗ್ಗಿಸಿ ಬೊಗಸೆಗೆ ನೀರೆರೆದಳು. ಒಂದು ಬೊಗಸೆಗೆ ಒಂದು ಹುಣಸೆಬೀಜದಂತೆ ಕುಡಿಕೆಗೆ ಹಾಕುತ್ತ ಹೋದಳು.

ಕುಡಿಕೆ ದಿನದಿಂದ ದಿನಕ್ಕೆ ಬೇಗ ತುಂಬತೊಡಗಿತು. ವ್ಯಾಪಾರಿ ಹಿರಿಹಿರಿ ಹಿಗ್ಗಿದ. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಲೆಕ್ಕ ಇನ್ನೂ ಅಚ್ಚುಕಟ್ಟಾಗಲಿ ಎಂದು ಒಬ್ಬ ಕರಣಿಕನನ್ನೂ ಕರೆಸಿದ.

ಕರಣಿಕ ಬೀಜ ಮುಟ್ಟಲಿಲ್ಲ. ನೀರಿನ ಹರವಿಯ ಪಕ್ಕದಲ್ಲಿ ಕುಳಿತು ಬಂದವರ ಮುಖ ನೋಡಿದ. ಮಧ್ಯಾಹ್ನದ ಹೊತ್ತಿಗೆ ಬಂದವರೇ ಮತ್ತೆ ಮತ್ತೆ ಬರುತ್ತಿದ್ದರು. ಅವರ ಕಣ್ಣು ಗುಳಿಬಿದ್ದಿತ್ತು, ತುಟಿ ಒಡೆದಿತ್ತು.

ಒಬ್ಬ ರೈತನನ್ನು ತಡೆದು, "ಆಗಲೇ ಕುಡಿದು ಹೋದೆಯಲ್ಲಪ್ಪಾ?" ಎಂದು ಕೇಳಿದ.

"ಎಷ್ಟು ಕುಡುದ್ರೂ ಹೊಟ್ಟೇಲಿ ನಿಲ್ತಿಲ್ಲ ಸ್ವಾಮಿ. ಮನೇಲಿ ಎಲ್ಲರಿಗೂ ಹಿಂಗೇ ಆಗೈತೆ. ಆ ಪುಣ್ಯಾತ್ಮ ಈ ನೀರು ಇಡದೆ ಇದ್ದಿದ್ರೆ ಸತ್ತೇ ಹೋಗ್ತಿದ್ವಿ."

ಕರಣಿಕ ಹರವಿಯನ್ನು ಬೋರಲು ಹಾಕಿ, ಅದಕ್ಕೆ ನೀರು ಸೇದುತ್ತಿದ್ದ ಬಾವಿಗೆ ಓಡಿದ. ತಳಕ್ಕಿಳಿದ ನೀರಿನಲ್ಲಿ ಸತ್ತ ನಾಯಿ ಕೊಳೆಯುತ್ತಿತ್ತು. ಲಾವಂಚದ ಪರಿಮಳದಲ್ಲಿ ಅದರ ನಾತ ಕುಡಿದವರಾರ ಮೂಗಿಗೂ ಬಡಿದಿರಲಿಲ್ಲ.

ಸುದ್ದಿ ಕೇಳಿ ವ್ಯಾಪಾರಿ ಅರವಟ್ಟಿಗೆಗೆ ಓಡಿಬಂದ. ಕುಡಿದವರಿಗೆಲ್ಲ ಕೂಡಲೇ ವೈದ್ಯರನ್ನು ಕಳಿಸಬೇಕು. ಯಾರ ಮನೆಗೆ ಕಳಿಸುವುದು? ನೀರೆರೆದ ಹೆಂಗಸನ್ನು ಕೇಳಿದ. "ನೋಡಬೇಡ ಅಂದಿದ್ರಲ್ಲ ಧಣಿ" ಎಂದು ಆಕೆ ಅಳತೊಡಗಿದಳು. ಹುಚ್ಚನಂತೆ ಕುಡಿಕೆಯನ್ನು ನೆಲಕ್ಕೆ ಸುರಿದ. ಬೀಜ ಬಾಯಿ ಬಿಡುತ್ತದೆಯೇ? ಎದ್ದು ಸಿಕ್ಕಸಿಕ್ಕ ಬಾಗಿಲು ಬಡಿಯುತ್ತ ಓಡಿದ. ಕೆಲವು ಮನೆಗಳಲ್ಲಿ ಬಾಗಿಲು ತೆರೆಯುವವರೇ ಇರಲಿಲ್ಲ.

"ಆದರೆ ನಾವು ಕೊಡುವುದು ಔಷಧವಲ್ಲವೇ, ಗುರುಗಳೇ?" ಎಂದ ಶಿಷ್ಯ.

"ಹೌದು, ಅದನ್ನು ಎರಡನೆಯ ಸಲ ಕೇಳಿಕೊಂಡು ಬಂದವರು ಯಾರು, ಏಕೆ ಬಂದರು, ಹೇಳು" ಎಂದರು ಗುರುಗಳು.