ಎಡಚನಿಗೆ ಕೊಟ್ಟ ಚೆಂಡು

“ಬುದ್ಧಿ, ಒಮ್ಮೆ ಕೆಲಸ ಕೆಡಿಸಿದವನ ಕೈಗೆ ಮತ್ತೆ ಅದೇ ಕೆಲಸ ಕೊಡುವುದು ಹೇಗೆ?” ಎಂದು ಶಿಷ್ಯ ಮರುಳಸಿದ್ಧ ಮಠದ ಸ್ವಾಮಿಗಳನ್ನು ಕೇಳಿದ.

ಮಠದ ದಾಸೋಹದ ಅಡುಗೆಮನೆಯನ್ನು ಅವನೇ ನೋಡಿಕೊಳ್ಳುತ್ತಿದ್ದ. ಹಿಂದಿನ ವರ್ಷ ಅವನ ಜೊತೆಯವನೊಬ್ಬ ಸಾವಿರ ಜನರ ಅನ್ನ ಸೀಯಿಸಿದ್ದ. ಅಂದಿನಿಂದ ಆ ಜೊತೆಯವನಿಗೆ ಎಂಜಲೆಲೆ ಎತ್ತುವುದು ಬಿಟ್ಟು ಬೇರೆ ಕೆಲಸ ಸಿಕ್ಕಿರಲಿಲ್ಲ.

“ಕೂತುಕೋ” ಎಂದರು ಸ್ವಾಮಿಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಕಾಲೇಜಿನಲ್ಲಿ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಅದಕ್ಕೊಬ್ಬ ನಾಯಕ. ಅದೇ ತಂಡದಲ್ಲಿ ಎಡಗೈಯಿಂದ ಚೆಂಡು ಎಸೆಯುವವನೊಬ್ಬನಿದ್ದ. ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಒಂದು ವರ್ಷ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡು ಎಡಚನ ಕೈಗೆ ಬಂತು. ಎದುರಿಗೆ ಯಾರೂ ಇರಲಿಲ್ಲ. ಅವನು ಎಸೆದ. ಚೆಂಡು ಬುಟ್ಟಿಗೆ ಬೀಳಲಿಲ್ಲ. ತಂಡ ಒಂದೇ ಅಂಕದಿಂದ ಕಪ್ ಕಳೆದುಕೊಂಡಿತು.

ಮರುವರ್ಷ ಹಿರಿಯ ಆಟಗಾರರು ಓದು ಮುಗಿಸಿ ಹೋದರು. ಉಳಿದವರಲ್ಲಿ ಎತ್ತರದವರು ಕಡಿಮೆ. ಕೋಚ್ ಎಡಚನನ್ನು ಐವರಲ್ಲಿ ಒಬ್ಬನಾಗಿ ಉಳಿಸಿಕೊಂಡರು. ನಾಯಕ ಎದುರು ಮಾತಾಡಲಿಲ್ಲ. ಆದರೆ ಎಡಚನಿಗೆ ಚೆಂಡು ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಆ ವರ್ಷ ಹನ್ನೊಂದು ತಂಡಗಳು, ಒಂದೊಂದಕ್ಕೂ ಹತ್ತು ಪಂದ್ಯಗಳು. ಕೊನೆಯ ಎರಡು ತಂಡಗಳು ಮುಂದಿನ ವರ್ಷ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು. ನಾಯಕ ಮೈಮುರಿದು ಆಡಿದ. ಚೆಂಡು ಸಿಕ್ಕಾಗಲೆಲ್ಲ ತಾನೇ ಎಸೆದ. ಆದರೂ ಆರು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ.

ಆರನೆಯ ಪಂದ್ಯ ಮುಗಿದ ಮೇಲೆ ಎದುರು ತಂಡದ ನಾಯಕ ಕೈಕುಲುಕಲು ಬಂದ. ಅವನಲ್ಲಿ ಕುಹಕವಿರಲಿಲ್ಲ. “ನಿಮ್ಮವರು ಚೆನ್ನಾಗಿ ಆಡುತ್ತಾರೆ. ಆದರೆ ನಿಮ್ಮಲ್ಲಿ ಆಡುವವರು ನಾಲ್ವರೇ ಅಲ್ಲವೇ? ಹಾಗಾಗಿ ನಮ್ಮವರು ಇಬ್ಬರು ನಿಮ್ಮೊಬ್ಬರನ್ನೇ ಕಾಯಲು ಸಾಧ್ಯವಾಯಿತು” ಎಂದ.

ನಾಯಕನಿಗೆ ಮೊದಲು ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಆರೂ ಪಂದ್ಯಗಳನ್ನು ನೆನೆದುಕೊಂಡ. ಪ್ರತಿ ಸಲವೂ ಎಡಚ ತನ್ನ ಜಾಗಕ್ಕೆ ಓಡಿ ಬಂದಿದ್ದ. ಪ್ರತಿ ಸಲವೂ ಕೈ ಮುಂದೆ ಚಾಚಿ ನಿಂತಿದ್ದ. ಆಮೇಲೆ ಬರಿಗೈಯಲ್ಲಿ ತಿರುಗಿ ಓಡಿದ್ದ.

ಮರುದಿನ ಅಭ್ಯಾಸಕ್ಕೆ ಮುಂಚೆ ನಾಯಕ ಎಡಚನ ಪಕ್ಕದಲ್ಲಿ ಹೋಗಿ ಕುಳಿತ. ಎಡಚ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ.

“ಇಷ್ಟು ದಿನ ಚೆಂಡು ಕೊಡೋ ಅಂತ ಒಂದು ಸಲವಾದರೂ ಯಾಕೆ ಕೇಳಲಿಲ್ಲ?”

ಎಡಚ ತಲೆ ಎತ್ತಲಿಲ್ಲ. “ಕೇಳಿದ್ದರೆ ಕೊಡುತ್ತಿದ್ದೆಯೇನೋ. ಅದೂ ಬೀಳದಿದ್ದರೆ ಆಮೇಲೆ ಓಡಿ ಬಂದು ನಿಲ್ಲುವುದಕ್ಕೂ ನನಗೆ ಮುಖವಿರುತ್ತಿರಲಿಲ್ಲ” ಎಂದ.

ಏಳನೆಯ ಪಂದ್ಯ ಶುರುವಾದ ಕೂಡಲೇ ನಾಯಕ ಎಡಚನಿಗೆ ಚೆಂಡು ಕೊಟ್ಟ. ಎಡಚ ಬೆಚ್ಚಿದ. ಎಷ್ಟೋ ದಿನ ಪಂದ್ಯದಲ್ಲಿ ಚೆಂಡು ಮುಟ್ಟದ ಕೈ ಅದು. ಎಸೆದ, ಬೀಳಲಿಲ್ಲ. ಎರಡನೆಯದೂ ಬೀಳಲಿಲ್ಲ. ಮೂರನೆಯದು ರಿಂಗಿಗೆ ಬಡಿದು ಹೊರಗೆ ಹಾರಿತು. “ನಿನಗೇನು ತಲೆ ಕೆಟ್ಟಿದೆಯಾ?” ಎಂದು ತಂಡದವನೊಬ್ಬ ನಾಯಕನ ಮೇಲೆ ಕೂಗಾಡಿದ. ನಾಯಕನಿಗೂ ಮುಂದಿನ ಚೆಂಡನ್ನು ತಾನೇ ಎಸೆದುಬಿಡೋಣ ಎನಿಸಿತು. ಅಷ್ಟರಲ್ಲಿ ಎಡಚ ಮತ್ತೆ ತನ್ನ ಜಾಗಕ್ಕೆ ಓಡಿ ಬಂದ. ಈ ಸಲ ಅವನು ಕೈ ಚಾಚಲಿಲ್ಲ. ನಾಯಕ ಅವನ ಹೆಸರು ಹಿಡಿದು ಕೂಗಿ ಚೆಂಡು ಕೊಟ್ಟ. ನಾಲ್ಕನೆಯದು ಬಿತ್ತು.

ಆ ಪಂದ್ಯವನ್ನೂ ತಂಡ ಸೋತಿತು. ಆದರೆ ಅಂದು ಬಸ್ಸಿನಲ್ಲಿ ನಾಯಕನಿಗೆ ನಿದ್ದೆ ಹತ್ತಿತು.

ಈಗ ಎಡಚನಿಗೂ ಚೆಂಡು ಬರುತ್ತಿದ್ದುದರಿಂದ ಮುಂದಿನ ತಂಡಗಳು ಅವನನ್ನು ಕಾಯದೆ ಬಿಡುವಂತಿರಲಿಲ್ಲ. ಅವನ ಹಿಂದೆ ಒಬ್ಬ ಹೋದರೆ ಬೇರೊಬ್ಬನಿಗೆ ಜಾಗ ಸಿಗುತ್ತಿತ್ತು. ಎಂಟನೆಯ ಪಂದ್ಯ ಗೆದ್ದರು. ಒಂಬತ್ತನೆಯದನ್ನೂ ಗೆದ್ದರು. ಹತ್ತನೆಯದನ್ನು ಗೆದ್ದರೆ ಉಳಿದುಕೊಳ್ಳಬಹುದಿತ್ತು, ಸೋತರೆ ಕೆಳಗಿನ ದರ್ಜೆ.

ಆ ಪಂದ್ಯದ ಕೊನೆಗೆ ತಂಡ ಒಂದು ಅಂಕ ಹಿಂದಿತ್ತು. ಚೆಂಡು ನಾಯಕನ ಕೈಯಲ್ಲಿ. ಇಬ್ಬರು ಅವನನ್ನು ಸುತ್ತುಗಟ್ಟಿದರು. ಎಡಚ ತನ್ನ ಜಾಗದಲ್ಲಿದ್ದ. ಇಡೀ ಕಾಲೇಜು ಬೇಡ ಬೇಡ ಎಂದು ಅರಚಿತು. ನಾಯಕ ಕೊಟ್ಟ. ಎಡಚ ಎಸೆದ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ತಿರುಗಿ ಒಳಗೆ ಬಿತ್ತು.

ತಂಡಕ್ಕೆ ಕಪ್ ಬರಲಿಲ್ಲ. ಹನ್ನೊಂದರಲ್ಲಿ ಎಂಟನೆಯ ಸ್ಥಾನ ಬಂತು. ಮುಂದಿನ ವರ್ಷ ಯಾರು ನಾಯಕನಾಗಬೇಕು ಎಂದು ಕೋಚ್ ಕೇಳಿದಾಗ, ಅಂದು ಕೂಗಾಡಿದವನೇ ಮೊದಲು ಎದ್ದು ಎಡಚನ ಹೆಸರು ಹೇಳಿದ.

ಕತೆ ಮುಗಿಯಿತು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ.

“ಆ ಕೊನೆಯ ಚೆಂಡು ಬೀಳದೆ ಹೋಗಿದ್ದರೆ, ಬುದ್ಧಿ? ಹಿಂದಿನ ವರ್ಷದ್ದೊಂದು, ಏಳನೆಯ ಪಂದ್ಯದಲ್ಲಿ ಮೂರು, ಇದೊಂದು. ಎಡಚ ಕೆಡಿಸಿದ್ದು ಒಟ್ಟು ಐದಾಗುತ್ತಿತ್ತು.”

ಸ್ವಾಮಿಗಳು ಅವನ ಮುಖ ನೋಡಿದರು.

“ನಾಯಕ ಎಸೆದು ಬೀಳದವು ಎಷ್ಟಪ್ಪ, ಎಣಿಸಿದ್ದೀಯಾ?”