ಹೊಸಬನ ಕೇಬಲ್

"ಸುಳ್ಳು ಹೇಳಿದರೆ ತಪ್ಪು, ಒಪ್ಪುತ್ತೇನೆ. ನಿಜ ಹೇಳಿದರೂ ತಪ್ಪೇ, ಗುರುಗಳೇ?" ಎಂದು ನಾಗಭೂಷಣ ಕೇಳಿದ.

ನಾಗಭೂಷಣ ಮಹಾಂತಯ್ಯನವರ ಬಳಿ ಪ್ರವಚನ ಕಲಿಯುತ್ತಿದ್ದ ಹಿರಿಯ ಶಿಷ್ಯ. ಆ ವರ್ಷ ಚೆನ್ನವೀರ ಎಂಬ ಇನ್ನೊಬ್ಬ ಶಿಷ್ಯ ಬಂದು ಸೇರಿದ್ದ. ಅವನು ಮಾತಾಡಲು ಕುಳಿತರೆ ಮಠದ ಅಂಗಳ ತುಂಬುತ್ತಿತ್ತು. ಅವನು ಎಲ್ಲೆಲ್ಲಿ ತಪ್ಪಿದ ಎಂಬುದನ್ನು ನಾಗಭೂಷಣ ಮರುದಿನ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

"ನಾನು ಏನನ್ನೂ ಕಟ್ಟಿ ಹೇಳುತ್ತಿಲ್ಲ. ಚೆನ್ನವೀರ ನಿನ್ನೆ ಒಂದು ವಚನದ ಅರ್ಥವನ್ನು ತಪ್ಪಾಗಿ ಹೇಳಿದ. ಇದ್ದ ತಪ್ಪನ್ನು ಇದೆ ಎಂದೆ. ಅದನ್ನು ಹೊಟ್ಟೆಕಿಚ್ಚು ಎಂದು ಏಕೆ ಕರೆಯುತ್ತಾರೆ?"

ಮಹಾಂತಯ್ಯನವರು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಮೋಟಾರ್ ಸೈಕಲ್ ಮೆಕ್ಯಾನಿಕ್ ಇದ್ದ. ಹಳೆಯ ಗಾಡಿಗಳೆಂದರೆ ಅವನೇ ಎಂದು ಸುತ್ತಲಿನವರು ಹೇಳುತ್ತಿದ್ದರು. ಬೇರೆಯವರು ಗುಜರಿಗೆ ಹಾಕಿ ಎಂದ ಗಾಡಿಯನ್ನು ಅವನು ಓಡಿಸಿ ಕೊಡುತ್ತಿದ್ದ. ಆ ಬೀದಿಯಲ್ಲಿ ಬೇರೆ ಮೆಕ್ಯಾನಿಕ್ ಇರಲಿಲ್ಲ. ಹೀಗೆ ಬಹಳ ಕಾಲ ನಡೆಯಿತು.

ಒಮ್ಮೆ ರಸ್ತೆಯ ಆಚೆ ಬದಿಗೆ, ನೇರ ಎದುರಿಗೆ, ಇನ್ನೊಬ್ಬ ಬಂದು ಅಂಗಡಿ ತೆರೆದ. ಅವನೂ ಕೆಲಸ ಬಲ್ಲವನೇ. ಅಂಗಡಿ ತೆರೆದ ದಿನ ರಸ್ತೆ ದಾಟಿ ಬಂದು, "ಅಣ್ಣಾ, ನೀವು ಹಿರಿಯರು, ಒಮ್ಮೆ ಬಂದು ಹೋಗಿ" ಎಂದು ಕರೆದ. ಹಳಬ ಕೆಲಸವಿದೆ ಎಂದು ಹೇಳಿ ಹೋಗಲಿಲ್ಲ.

ಅಂದಿನಿಂದ ಹಳಬನಿಗೆ ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ, ಕಣ್ಣು ಎದುರಿನ ಅಂಗಡಿಯಲ್ಲಿ. ತನ್ನ ಗಿರಾಕಿಗಳ ಗಾಡಿಗಳನ್ನು ಅವನು ಸದ್ದಿನಿಂದಲೇ ಗುರುತಿಸುತ್ತಿದ್ದ. ಪರಿಚಿತ ಸದ್ದೊಂದು ಬಂದು ಆಚೆ ಬದಿಯಲ್ಲಿ ನಿಂತರೆ ಅವನ ಕೈ ನಿಲ್ಲುತ್ತಿತ್ತು. ಆಚೆ ಯಾರಾದರೂ ನಕ್ಕರೆ ತನ್ನನ್ನೇ ಕುರಿತು ನಕ್ಕರು ಎನಿಸುತ್ತಿತ್ತು. ಅವನ ಸಂಪಾದನೆ ಕಡಿಮೆಯಾಗಿರಲಿಲ್ಲ. ಇಬ್ಬರಿಗೂ ಸಾಕಾಗುವಷ್ಟು ಗಾಡಿಗಳು ಆ ಊರಿನಲ್ಲಿದ್ದವು. ಆದರೂ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಅವನ ಗಿರಾಕಿಗಳಲ್ಲಿ ಒಬ್ಬ ಬ್ರೆಡ್ಡು ಮಾರುವವನು. ಬೆಳಗಾದರೆ ಹಳೆಯ ಮೋಟಾರ್ ಸೈಕಲ್ಲಿಗೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗಳ ಅಂಗಡಿಗಳಿಗೆ ಬ್ರೆಡ್ಡು, ಬನ್ನು ಹಾಕಿ ಬರುತ್ತಿದ್ದ. ಆ ಗಾಡಿಯೇ ಅವನ ಮನೆಯ ಅನ್ನ. ಅದನ್ನು ಮೊದಲಿನಿಂದಲೂ ನೋಡಿಕೊಂಡವನು ಹಳಬ. ದಿನವೂ ಹೋಗುವಾಗ ಬ್ರೆಡ್ಡಿನವನು ಅವನ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಬನ್ನು ಕೊಟ್ಟು ಹೋಗುತ್ತಿದ್ದ.

ಹಳಬ ಒಮ್ಮೆ ನೆಂಟರ ಮನೆಯ ಮದುವೆಗೆ ಹೋದಾಗ ಆ ಗಾಡಿಯ ಕ್ಲಚ್ ಕೇಬಲ್ ತುಂಡಾಯಿತು. ಬ್ರೆಡ್ಡು ಪೆಟ್ಟಿಗೆಯಲ್ಲಿತ್ತು, ಬಿಸಿಲು ಏರುತ್ತಿತ್ತು. ಬ್ರೆಡ್ಡಿನವನು ಗಾಡಿಯನ್ನು ಆಚೆ ಬದಿಗೆ ತಳ್ಳಿದ. ಹೊಸಬ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು, ಹೊಸ ಕೇಬಲ್ ಹಾಕಿ ಕಳಿಸಿದ.

ಹಳಬ ಮದುವೆ ಮುಗಿಸಿ ಬಂದ. ಮರುದಿನ ಬೆಳಿಗ್ಗೆ ಬ್ರೆಡ್ಡಿನವನು ಎಂದಿನಂತೆ ಬನ್ನು ಕೊಟ್ಟ. ಆಮೇಲೆ ಗಾಡಿ ತಿರುಗಿಸಿ ಆಚೆ ಬದಿಗೂ ಒಂದು ಕೊಟ್ಟ. ಹಳಬ ತನ್ನ ಕೈಯಲ್ಲಿದ್ದುದನ್ನು ನಾಯಿಗೆ ಹಾಕಿದ.

ಕೆಲವು ದಿನಗಳ ಮೇಲೆ ಬ್ರೆಡ್ಡಿನವನು ಹಳಬನ ಮುಂದೆ ಗಾಡಿ ನಿಲ್ಲಿಸಿ ಇಳಿದ. "ಅಣ್ಣಾ, ಗೇರು ಕಟಕ್ ಎಂದು ಹೊಡೆದುಕೊಂಡು ಬೀಳುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಕ್ಲಚ್ ಹಿಡಿದಿದ್ದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಬಿಸಿಯಾದ ಮೇಲಂತೂ ಜಾಸ್ತಿ. ಇದು ಸ್ವಲ್ಪ ಸ್ವಲ್ಪ ಮೊದಲಿನಿಂದಲೇ..."

"ಕೇಬಲ್ ಹಾಕಿದವನು ಯಾರು?" ಎಂದು ಹಳಬ ಮಾತನ್ನು ತುಂಡು ಮಾಡಿದ.

ಬ್ರೆಡ್ಡಿನವನು ಆಚೆ ಬದಿಗೆ ಕೈ ತೋರಿಸಿದ.

ಹಳಬ ಕ್ಲಚ್ಚಿನ ಹಿಡಿ ಒತ್ತಿ ನೋಡಿದ. ಕೇಬಲ್ ಸಡಿಲವಾಗಿತ್ತು. ಹಿಡಿಯನ್ನು ಅರ್ಧದಷ್ಟು ಒತ್ತಿದರೂ ಕೇಬಲ್ ಎಳೆಯುತ್ತಿರಲಿಲ್ಲ. ಹಳಬನಿಗೆ ಎಷ್ಟು ಸಂತೋಷವಾಯಿತೆಂದರೆ ಅವನು ಎದ್ದು ನಿಂತು, ಆಚೆ ಬದಿಗೆ ಕೇಳುವಂತೆ ಕೂಗಿ ಹೇಳಿದ: "ಬಂದು ನೋಡಿ! ಒಂದು ಕೇಬಲ್ ಹಾಕಲು ಬಾರದವರು ಅಂಗಡಿ ಇಟ್ಟಿದ್ದಾರೆ!"

ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಹೊಸಬ ಕೈ ಒರೆಸಿಕೊಳ್ಳುತ್ತ ಬಂದ. ಹಿಡಿ ಒತ್ತಿದ. "ಹೌದಣ್ಣ. ಹೊಸ ಕೇಬಲ್ ಓಡಿದ ಮೇಲೆ ಎಳೆದುಕೊಂಡು ಉದ್ದವಾಗಿದೆ. ಮತ್ತೊಮ್ಮೆ ಬಿಗಿ ಮಾಡಬೇಕು, ಬನ್ನಿ ಎಂದು ಇವರಿಗೆ ಹೇಳಬೇಕಿತ್ತು, ಮರೆತೆ. ತಪ್ಪು ನನ್ನದೇ" ಎಂದ. ಹೋಗುವ ಮುನ್ನ ಬ್ರೆಡ್ಡಿನವನನ್ನು ವಿಚಾರಿಸಿ, "ಬಿಸಿಯಾದ ಮೇಲೆ ಜಾಸ್ತಿ ಎನ್ನುತ್ತಿದ್ದಾರೆ. ಕ್ಲಚ್ ಬಿಚ್ಚಿ ಒಳಗೂ ಒಮ್ಮೆ ನೋಡಿದರೆ ಒಳ್ಳೆಯದು" ಎಂದ.

"ನನಗೆ ಕಲಿಸಲು ಬರಬೇಡ" ಎಂದ ಹಳಬ.

ಕೇಬಲ್ ಬಿಗಿ ಮಾಡಿ ಗಾಡಿ ಕೊಟ್ಟ. ಗೇರು ಮೆತ್ತಗೆ ಬಿತ್ತು. ಆ ದಿನ ಅವನು ಮನೆಯಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡ. ಹೆಂಡತಿಗೆ, ಅಕ್ಕಪಕ್ಕದವರಿಗೆ, ಮಾರನೆಯ ದಿನ ಬಂದ ಗಿರಾಕಿಗಳಿಗೆಲ್ಲ ಕೇಬಲ್ಲಿನ ಸಂಗತಿ ಹೇಳಿದ.

ಬೆಳಿಗ್ಗೆ ಹೊರಡುವಾಗ ಗಾಡಿ ಸರಿ ಇರುತ್ತಿತ್ತು. ಹಳ್ಳಿ ಸುತ್ತಿ ಬಿಸಿಯಾದರೆ ಮತ್ತೆ ಅದೇ ಕತೆ. ಬ್ರೆಡ್ಡಿನವನು ಪುನಃ ಬಂದ. ಹಳಬ ಒಳಗೆ ಬಿಚ್ಚಲಿಲ್ಲ. "ಅವನು ಹಾಕಿದ ಕೇಬಲ್ಲೇ ಕಳಪೆ" ಎಂದು ಅದನ್ನು ಕಿತ್ತು, ರಸ್ತೆಯಲ್ಲಿ ಹೋಗಿಬರುವವರಿಗೆ ಕಾಣುವಂತೆ ಬಾಗಿಲಿಗೆ ನೇತುಹಾಕಿ, ತನ್ನ ಕೇಬಲ್ ಹಾಕಿದ.

ಆಮೇಲೆ ಒಂದು ಮಧ್ಯಾಹ್ನ ಬ್ರೆಡ್ಡಿನವನು ಊರ ಹೊರಗಿನ ರೈಲ್ವೆ ಗೇಟಿನಲ್ಲಿ ನಿಂತಿದ್ದ. ಪಕ್ಕದಲ್ಲಿ ಟ್ರೇಲರಿಗೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್. ಗಾಡಿ ಬಿಸಿಯಾಗಿತ್ತು. ನ್ಯೂಟ್ರಲ್ ಸಿಗಲಿಲ್ಲ. ಕ್ಲಚ್ ಹಿಡಿದೇ ನಿಂತ. ಗಾಡಿ ಎಳೆಯತೊಡಗಿತು. ಬ್ರೇಕು ತುಳಿದ. ರೈಲು ಹೋಗಿ ಗೇಟು ಎತ್ತಿದಾಗ ಹಿಂದಿನವರು ಹಾರ್ನ್ ಹೊಡೆದರು. ಅವನು ತಿರುಗಿ ನೋಡಿದ, ಬ್ರೇಕಿನ ಮೇಲಿದ್ದ ಕಾಲು ಜಾರಿತು. ಗಾಡಿ ಒಮ್ಮೆಗೇ ನೆಗೆದು ಓರೆಯಾಗಿ ಟ್ರೇಲರಿನ ಚಕ್ರದ ಮುಂದಕ್ಕೆ ನುಗ್ಗಿತು. ಟ್ರ್ಯಾಕ್ಟರ್ ಆಗಲೇ ಹೊರಟಿತ್ತು. ಆ ಚಕ್ರ ಅವನ ಮೊಣಕಾಲಿನ ಮೇಲೆ ಹಾಯಿತು.

ಜೀವ ಉಳಿಯಿತು. ಕಾಲನ್ನು ತೆಗೆಯಬೇಕಾಯಿತು.

ಜಜ್ಜಿಹೋದ ಗಾಡಿಯನ್ನು ಯಾರೋ ತಂದು ಹಳಬನ ಅಂಗಡಿಯ ಮುಂದೆ ಇಳಿಸಿ ಹೋದರು. ಈಗ ಅದರಲ್ಲಿದ್ದುದು ಅವನದೇ ಕೇಬಲ್. ದೂರಲು ಬೇರೆ ಕೈಯೇ ಇರಲಿಲ್ಲ. ಆಗ ಅವನು ಕುಳಿತು ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಎಣ್ಣೆ ಒರೆಸಿ ಒಂದು ಗಾಜಿನ ಮೇಲೆ ಇಟ್ಟು ನೋಡಿದ. ಉಳಿದವು ಮಟ್ಟಸವಾಗಿ ಕುಳಿತವು. ಒಂದು ಸ್ಟೀಲ್ ಪ್ಲೇಟು ಮಾತ್ರ ಬೆರಳು ತಾಗಿದರೆ ಅಲುಗಿತು. ಅದು ಕಾದು ಕಾದು ನೀಲಿಗಟ್ಟಿ ಬಾಗಿತ್ತು. ಬಾಗಿದ ಪ್ಲೇಟು ಪಕ್ಕದ ಪ್ಲೇಟನ್ನು ಬಿಡುವುದಿಲ್ಲ. ಹಿಡಿ ಎಷ್ಟು ಒತ್ತಿದರೂ ಗಾಡಿ ಎಳೆಯುತ್ತಲೇ ಇರುತ್ತದೆ.

ಆ ಮುಚ್ಚಳವನ್ನು ಹೊಸಬ ಎಂದೂ ಬಿಚ್ಚಿರಲಿಲ್ಲ. ಹಿಂದಿನ ವರ್ಷ ಕ್ಲಚ್ ಕೆಲಸ ಮಾಡಿದವನು ಹಳಬ. ಆ ಪ್ಲೇಟು ಆಗಲೇ ಸ್ವಲ್ಪ ಬಾಗಿತ್ತು. ಇನ್ನೂ ಕೆಲವು ದಿನ ನಡೆಯುತ್ತದೆ ಎಂದುಕೊಂಡು ಅವನೇ ಒಳಗೆ ಕೂರಿಸಿದ್ದ.

ಅವನು ಆಸ್ಪತ್ರೆಗೆ ಹೋದ. ಮಂಚದ ಪಕ್ಕ ನಿಂತು, ಇದ್ದುದನ್ನು ಇದ್ದಂತೆ ಹೇಳಿದ. ಬ್ರೆಡ್ಡಿನವನು ಬಯ್ಯಲಿಲ್ಲ. "ಅದು ಮೊದಲಿನಿಂದಲೇ ಹಾಗಿತ್ತು ಅಣ್ಣಾ. ಆವತ್ತು ಹೇಳಲು ಹೊರಟಿದ್ದೆ, ನೀವು ಕೇಳಲಿಲ್ಲ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದ.

ಮಹಾಂತಯ್ಯನವರು ಕತೆ ನಿಲ್ಲಿಸಿದರು. ನಾಗಭೂಷಣನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಹೊಸಬನ ಕೇಬಲ್ ಸಡಿಲವಾಗಿದ್ದುದು ನಿಜ ತಾನೇ?"

"ನಿಜವೇ. ಅದು ಸುಳ್ಳಾಗಿದ್ದರೆ ಅವನು ಅಂದೇ ಕ್ಲಚ್ ಬಿಚ್ಚಿ ನೋಡುತ್ತಿದ್ದ, ಆ ಕಾಲು ಉಳಿಯುತ್ತಿತ್ತು."