ಮಂಡಿ ಊರದ ತಂಡ

ಒಂದು ತಂಡವಿತ್ತು. ಹೆಸರು ಘಟಪ್ರಭಾ ಗೂಳಿಗಳು. ಅವರು ಆಡುತ್ತಿದ್ದದ್ದು ಕಬಡ್ಡಿಯಲ್ಲ, ಕುಸ್ತಿಯಲ್ಲ, ಅಮೆರಿಕನ್ ಫುಟ್‌ಬಾಲ್. ನಗಬೇಡಿ ಮಕ್ಕಳೇ. ಕ್ರಿಕೆಟ್ಟೂ ಒಂದು ಕಾಲಕ್ಕೆ ಹೊರಗಿನಿಂದಲೇ ಬಂದದ್ದು. ನಮ್ಮ ಉತ್ತರದ ಕಡೆಯ ಸಾಹುಕಾರರು ತಂಡ ಕಟ್ಟಿ, ಆಟಗಾರರಿಗೆ ಸಂಬಳ ಕೊಟ್ಟು, ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ ತೊಡಿಸಿ, ಮೊಟ್ಟೆಯಾಕಾರದ ಚೆಂಡು ಕೊಟ್ಟು ಆಡಿಸುತ್ತಿದ್ದರು ಎಂದು ಈ ಕಥೆಯ ಮಟ್ಟಿಗೆ ಇಟ್ಟುಕೊಳ್ಳಿ.

ಈ ಆಟದಲ್ಲಿ ಒಂದು ಗಳಿಗೆ ಇದೆ. ಅದು ಅರ್ಥವಾದರೆ ಕಥೆ ಅರ್ಥವಾದಂತೆ. ಎದುರು ತಂಡದವನು ಚೆಂಡನ್ನು ಒದ್ದು ಮೈದಾನದ ಈ ತುದಿಗೆ ಹಾರಿಸುತ್ತಾನೆ. ನಮ್ಮವನೊಬ್ಬ ಅದನ್ನು ಹಿಡಿದು ಎದುರು ದಿಕ್ಕಿಗೆ ಓಡಬೇಕು. ಅವನನ್ನು ಕೆಡವಲು ಹನ್ನೊಂದು ಜನ ಮೈಮೇಲೆ ಬರುತ್ತಾರೆ. ನಮ್ಮ ಉಳಿದ ಹತ್ತು ಜನ ಅವರಿಗೆ ಅಡ್ಡ ನಿಂತು ದಾರಿ ಬಿಡಿಸಬೇಕು. ಆದರೆ ಚೆಂಡು ತೀರಾ ಹಿಂದೆ, ನಮ್ಮದೇ ಗೋಲ್ ಗೆರೆಯ ಆಚೆ ಬಂದರೆ, ಹಿಡಿದವನು ಓಡಲೇಬೇಕೆಂದಿಲ್ಲ. ಅಲ್ಲೇ ಮಂಡಿ ಊರಿದರೆ ಸಾಕು. ಆಟ ಆ ಗೆರೆಯಿಂದ ಇಪ್ಪತ್ತೈದು ಗಜ ಮುಂದೆ ಶುರುವಾಗುತ್ತದೆ. ಯಾರ ಮೂಳೆಯೂ ಮುರಿಯುವುದಿಲ್ಲ, ಚೆಂಡೂ ಕೈಬಿಟ್ಟು ಹೋಗುವುದಿಲ್ಲ.

ಈ ಒಂದು ಗಳಿಗೆಯ ಪಾಠಕ್ಕೆಂದೇ ಬೇರೆ ಕೋಚ್ ಇರುತ್ತಾನೆ. ಅವನನ್ನು ಸ್ಪೆಷಲ್ ಟೀಮ್ ಕೋಚ್ ಎನ್ನುತ್ತಾರೆ. ಗೂಳಿಗಳ ತಂಡದಲ್ಲಿ ಆ ಕೆಲಸ ಯಮನಪ್ಪ ತಳವಾರ ಅವರದು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತಿಯಾದವರು. ಚೆಂಡು ಹಿಡಿದು ಓಡುವವನು ಭೀಮಶಿ, ಗೋಕಾಕದ ಕಡೆಯ ಕಬಡ್ಡಿ ಹುಲಿ. ಅವನ ಕಾಲಿನಲ್ಲಿ ಗಾಳಿ ಇತ್ತು ಎಂದು ಎದುರಾಳಿಗಳೇ ಒಪ್ಪುತ್ತಿದ್ದರು.

ಪ್ರತಿ ಆಟದ ಮರುದಿನ ಯಮನಪ್ಪನವರು ಹುಡುಗರನ್ನು ಟಿವಿ ಮುಂದೆ ಕೂರಿಸಿ ಭೀಮಶಿಯ ಓಟ ಹಾಕುತ್ತಿದ್ದರು. ಒಂದೇ ಓಟವನ್ನು ಹನ್ನೊಂದು ಸಲ. ಅದರಲ್ಲಿ ಹತ್ತು ಸಲ, ಅಡ್ಡ ನಿಂತ ಹತ್ತು ಜನರಿಗಾಗಿ, ಒಬ್ಬೊಬ್ಬನಿಗೆ ಒಂದೊಂದು ಸಲ. ಯಾರ ಹೆಜ್ಜೆ ತಡವಾಯಿತು, ಯಾರ ಹೆಗಲು ತಿರುಗಿತು, ಎಲ್ಲವನ್ನೂ ತೋರಿಸುತ್ತಿದ್ದರು. ಹನ್ನೊಂದನೆಯ ಸಲವಷ್ಟೇ ಭೀಮಶಿಗೆ. ಕೆಲಸ ಅಳೆಯುವುದೆಂದರೆ ಹೀಗೆ.

ತಂಡದ ಒಡೆಯರು ಅಪ್ಪಾಸಾಹೇಬ ನಾಡಗೌಡರು. ಕಲ್ಲಿನ ಖಣಿ, ಊರತುಂಬ ಹೆಸರು, ಗರಡಿಗಳಿಗೆಲ್ಲ ಪೋಷಕರು. ಸಾಹೇಬರ ಅಳತೆ ಬಹಳ ಸುಲಭದ್ದು. ಆಟ ಮುಗಿದ ಮೇಲೆ ಒಂದೇ ಪ್ರಶ್ನೆ: ಎಷ್ಟು ಗಜ ಓಡಿದ? ಮಂಡಿ ಊರಿದ್ದಕ್ಕೆ ಅವರ ಲೆಕ್ಕದಲ್ಲಿ ಸೊನ್ನೆ.

"ಏನ್ರೀ ಹವಾಲ್ದಾರ, ಈ ಸಲ ಎಷ್ಟ ಸಲ ಮಂಡಿ ಊರಿಸಿದ್ರಿ?" ಎಂದು ಒಮ್ಮೆ ಎಲ್ಲರೆದುರು ಕೇಳಿದರು.

"ಒಂಬತ್ತ ಸಲ್ರೀ ಸಾಹೇಬ್ರ. ಒಂಬತ್ತೂ ಸಲ ಚೆಂಡ ನಮ್ಮ ಕೈಯಾಗ ಉಳದೈತ್ರೀ."

"ಇದು ಪೈಲ್ವಾನರ ಊರು. ಮಂಡಿ ಊರೂದು ನಮ್ಮ ಮಣ್ಣಿನ ಗುಣ ಅಲ್ಲ."

ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಏನು ಮಾಡುತ್ತಾರೆ, ಸಾಹೇಬರ ಮಾತಲ್ಲವೇ! ಆದರೆ ಕುಸ್ತಿಯಲ್ಲಿ ಸೋಲು ಅಂದರೆ ಬೆನ್ನಿಗೆ ಮಣ್ಣು ಹತ್ತುವುದು. ಮಂಡಿ ಊರಿದ ಪೈಲ್ವಾನ ಇನ್ನೂ ಸೋತಿಲ್ಲ, ಪಟ್ಟು ಕಾಯುತ್ತಿದ್ದಾನೆ. ಗರಡಿಯಲ್ಲಿ ಕಸ ಗುಡಿಸುವವರಿಗೂ ಇದು ಗೊತ್ತು. ಸಾಹೇಬರು ಕುಸ್ತಿ ನೋಡಿದ್ದು ಮೊದಲ ಸಾಲಿನ ಸೋಫಾದಿಂದ. ಅವರ ಬೆನ್ನಿಗೂ ಮಂಡಿಗೂ ಎಂದೂ ಮಣ್ಣು ಹತ್ತಿರಲಿಲ್ಲ.

ಸೆಮಿಫೈನಲ್ ಬಂತು. ಆಟ ಮುಗಿಯುವ ಹೊತ್ತಿಗೆ ಅಂಕ ಸಮವಾಗಿತ್ತು. ಎದುರಿನವರು ಒದ್ದ ಚೆಂಡು ನಮ್ಮ ಗೆರೆಯಾಚೆ ಏಳು ಗಜ ಹಿಂದೆ ಬಂತು. ಮಂಡಿ ಊರಲೇಬೇಕಾದ ಚೆಂಡು. ಯಮನಪ್ಪನವರು ಅಂಚಿನಿಂದ "ಊರೋ!" ಎಂದು ಕೂಗಿದರು. ಮಂದಿಯೆಲ್ಲ "ಊರಬ್ಯಾಡೋ ಭೀಮಶಿ!" ಎಂದು ಅರಚಿದರು. ಭೀಮಶಿ ಮಂದಿಯ ಮಾತು ಕೇಳಿ ಓಡಿದ.

ಆಮೇಲೆ ಏನಾಯಿತು ಗೊತ್ತೇ? ಎದುರಿನ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಮೂರನೆಯವನ ಕೈಗೆ ಭೀಮಶಿಯ ಅಂಗಿ ಸಿಕ್ಕಿತು, ಅಂಗಿ ಹರಿಯಿತು. ನಾಲ್ಕನೆಯವನನ್ನು ಅಡ್ಡ ನಿಲ್ಲುವ ಹತ್ತು ಜನರಲ್ಲೊಬ್ಬನಾದ ಲಗಮಣ್ಣ ಹೆಗಲಿನಿಂದ ಗುದ್ದಿ ನೆಲಕ್ಕೆ ಹಾಕಿದ. ಭೀಮಶಿ ಮೈದಾನದ ಆ ತುದಿ ಮುಟ್ಟಿದ, ಆರು ಅಂಕ ಬಂದವು. ಗೂಳಿಗಳು ಗೆದ್ದರು.

ಸಾಹೇಬರು ಸೋಫಾದಿಂದ ಎದ್ದು ಬಂದು ಭೀಮಶಿಗೆ ರುಮಾಲು ಸುತ್ತಿದರು, ಹೆಗಲಿಗೆ ಬೆಳ್ಳಿಯ ಗದೆ ಇಟ್ಟರು. ಗೆದ್ದೆತ್ತಿನ ಬಾಲ ಹಿಡಿಯಲು ಮಂದಿಯನ್ನು ಕರೆಯಬೇಕೆ? ಫೋಟೋಕ್ಕೆ ನೂರು ಜನ ನುಗ್ಗಿದರು. ಲಗಮಣ್ಣನನ್ನು ಯಾರೂ ಕರೆಯಲಿಲ್ಲ. ಅವನು ಭುಜದ ಮೇಲೆ ಐಸ್ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ.

ಮರುದಿನ ಯಮನಪ್ಪನವರು ಎಂದಿನಂತೆ ಓಟ ಹಾಕಿದರು. ಹತ್ತು ಸಲ ಆಯಿತು. ಹನ್ನೊಂದನೆಯ ಸಲ ಟಿವಿ ನಿಲ್ಲಿಸಿ ಹೇಳಿದರು:

"ಭೀಮಶಿ, ನಿನ್ನ ಕಾಲಿಗೆ ಶರಣಪ್ಪಾ. ಆದ್ರ ಇದು ತಪ್ಪ ಐತಿ. ಹಿಂತಾ ಚೆಂಡ ಹತ್ತ ಸಲ ಹಿಡದ ಓಡಿದ್ರ ಒಂಬತ್ತ ಸಲ ನೀ ಹತ್ತ ಗಜದೊಳಗ ಬೀಳ್ತಿ. ನಿನ್ನೆ ಆದದ್ದು ಹತ್ತನೇದು."

ಭೀಮಶಿ ತಲೆ ತಗ್ಗಿಸಿದ. "ಹೌದ್ರೀ ಸರ್. ನನಗೂ ಗೊತ್ತೈತ್ರೀ."

ಈ ಮಾತು ಸಾಹೇಬರ ಕಿವಿಗೆ ಹೋಯಿತು. ಹೋಗದೆ ಇರುತ್ತದೆಯೇ? ಚಾಡಿಗೆ ಕಾಲು ಬೇಡ. ಸಾಹೇಬರು ಅದೇ ಕೋಣೆಗೆ ದಡದಡ ಬಂದರು.

"ಗೆದ್ದ ಆಟದಾಗ ತಪ್ಪ ಹುಡುಕ್ತೀರೇನ್ರೀ? ಇದು ಹೊಟ್ಟಿಕಿಚ್ಚ!"

"ಸಾಹೇಬ್ರ, ಕಣ್ಣ ಮುಚ್ಚಿ ರಸ್ತೆ ದಾಟಿದವ ಒಂದಿನ ಬದುಕಿ ಬಂದ ಅಂದ್ರ, ದಾಟೂ ರೀತಿ ಅದ ಅಂತ ಮಕ್ಕಳಿಗೆ ಕಲಸಬೇಕೇನ್ರೀ?"

"ಪಾಠ ಸಾಕ್ ಮಾಡ್ರಿ. ಫೈನಲ್‌ದಾಗ ಯಾರೂ ಮಂಡಿ ಊರಂಗಿಲ್ಲ. ಭೀಮಶಿ, ಕೇಳಿಸ್ತಿಲ್ಲೋ?"

"ಕೇಳಿಸ್ತ್ರೀ" ಎಂದ ಭೀಮಶಿ.

ಕೋಣೆಯಲ್ಲಿದ್ದ ಹನ್ನೊಂದು ಜನವೂ ಇದನ್ನು ಕೇಳಿಸಿಕೊಂಡರು. ನೀವೂ ನೆನಪಿಡಿ.

ಫೈನಲ್‌ನಲ್ಲಿ ಗೂಳಿಗಳು ನಾಲ್ಕು ಅಂಕ ಮುಂದಿದ್ದರು. ಆಟಕ್ಕೆ ಮೂರು ನಿಮಿಷ ಬಾಕಿ. ಒದ್ದ ಚೆಂಡು ಮತ್ತೆ ಗೆರೆಯಾಚೆ ಬಂತು, ಈ ಸಲ ಎಂಟು ಗಜ ಹಿಂದೆ. ಗದ್ದಲದಲ್ಲಿ ಕೂಗು ಕೇಳದು ಎಂದು ಯಮನಪ್ಪನವರು ತಾವೇ ಅಂಚಿನಲ್ಲಿ ಮಂಡಿ ಊರಿ ತೋರಿಸಿದರು. ಭೀಮಶಿ ಅದನ್ನು ನೋಡಿದ. ಸಾಹೇಬರು ಎದ್ದು ನಿಂತು ಕೈ ಬೀಸುತ್ತಿದ್ದದ್ದನ್ನೂ ನೋಡಿದ. ಓಡಿದ.

ಗೆರೆ ದಾಟಿ ಆರನೆಯ ಗಜದಲ್ಲಿ ಇಬ್ಬರು ಅವನ ಎದೆಗೆ ಬಡಿದರು. ಚೆಂಡು ಕೈಯಿಂದ ಚಿಮ್ಮಿತು. ಎದುರಿನವನೊಬ್ಬ ಅದರ ಮೇಲೆ ಬಿದ್ದು ತಮ್ಮದಾಗಿಸಿಕೊಂಡ. ಎರಡೇ ನಿಮಿಷದಲ್ಲಿ ಎದುರಿನವರು ಆರು ಅಂಕ ಗಳಿಸಿದರು. ಗೂಳಿಗಳು ಸೋತರು.

ಮರುದಿನ ಬೆಳಿಗ್ಗೆ ಸಾಹೇಬರು ಎಲ್ಲರನ್ನೂ ಟಿವಿ ಇದ್ದ ಕೋಣೆಗೆ ಕರೆಸಿದರು. ಟಿವಿ ಹಾಕಲಿಲ್ಲ. ಕೈಯಲ್ಲಿ ಒಂದು ಕಾಗದವಿತ್ತು. ಸ್ಪೆಷಲ್ ಟೀಮ್ ಕೋಚ್ ಯಮನಪ್ಪ ತಳವಾರರ ತರಬೇತಿಯ ದೋಷದಿಂದ ತಂಡ ಸೋತಿದೆ, ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಆ ಕಾಗದ ಹೊರಬಿದ್ದರೆ ಬೇರೆ ಯಾವ ತಂಡದವರೂ ಯಮನಪ್ಪನವರನ್ನು ಒಳಗೆ ಬಿಡುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹುಡುಗಗ ಚೆಂಡ ಹಿಡಕೋಳ್ಳೂದ ಸುದ್ದಾ ಕಲಿಸಿಲ್ಲ ನೀವು" ಎಂದರು ಸಾಹೇಬರು.

ಯಮನಪ್ಪನವರ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ.

"ಸಾಹೇಬ್ರ, ಅವತ್ತ ಗೆದ್ದದ್ದು ಭೀಮಶಿ ಕಾಲು. ನಿನ್ನೆ ಸೋತದ್ದು ನನ್ನ ಪಾಠಾ. ಎರಡೂ ದಿನ ಓಡಿದವ ಒಬ್ಬನ, ಎರಡೂ ದಿನ ಬ್ಯಾಡ ಅಂದವ ನಾನ. ಇದ್ಯಾವ ನ್ಯಾಯಾರೀ?"

ಸಾಹೇಬರು ಕಿಟಕಿಯ ಕಡೆ ತಿರುಗಿದರು. ಯಮನಪ್ಪನವರು ಹುಡುಗರ ಕಡೆ ತಿರುಗಿದರು.

"ನಾ ಏನ್ ಕಲಿಸಿದ್ದೆ ಅಂತ ನಿಮ್ಮೊಳಗ ಯಾರರ ಹೇಳ್ರಪಾ. ಅಷ್ಟ ಸಾಕು ನನಗ."

ಕಡೆಗೆ ಹಿಂದಿನಿಂದ ಲಗಮಣ್ಣ ಎದ್ದ.

"ಮಂಡಿ ಊರು ಅಂತನ ಕಲಿಸಿದ್ರಿ ಸರ್. ಊರಬ್ಯಾಡ ಅಂದವರು ಸಾಹೇಬ್ರು. ಇದ ಕೋಣ್ಯಾಗ ಅಂದ್ರು."

ಸಾಹೇಬರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನೀ ಯಾರಪಾ?" ಎಂದರು.

ಎರಡು ವರ್ಷ! ಎರಡು ವರ್ಷ ಆ ಹುಡುಗ ಅವರ ತಂಡಕ್ಕಾಗಿ ಎಲುಬು ಸವೆಸಿದ್ದ. ಅವನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಓಡುವವನನ್ನು ಬಿಟ್ಟು ಬೇರೆ ಯಾರನ್ನೂ ಅವರು ನೋಡಿದ್ದರೆ ತಾನೆ? ಹೆಸರು ಕೇಳಿ ತಿಳಿದುಕೊಂಡ ಮೇಲೆ ಸಾಹೇಬರು ಮಾಡಿದ ಮೊದಲ ಕೆಲಸ, ಆ ಹೆಸರನ್ನು ತಂಡದಿಂದ ಹೊಡೆದುಹಾಕಿದ್ದು.

ಆಗ ಎಲ್ಲರೂ ಭೀಮಶಿಯ ಮುಖ ನೋಡಿದರು. ಅವನು ಊರಿನ ಕಣ್ಮಣಿ. ಅವನೊಂದು ಮಾತು ಹೇಳಿದ್ದರೆ ಸಾಹೇಬರು ಬಗ್ಗಲೇಬೇಕಿತ್ತು. ಆದರೆ ಮುಂದಿನ ವರ್ಷದ ಕರಾರಿಗೆ ಅವನ ಸಹಿ ಇನ್ನೂ ಆಗಿರಲಿಲ್ಲ. ಅವನು ನೆಲ ನೋಡುತ್ತ ಕೂತ. ನನಗೆ ಸಾಹೇಬರ ಮೇಲೆ ಎಷ್ಟು ಸಿಟ್ಟಿದೆಯೋ, ಆ ನೆಲ ನೋಡಿದ ಕಣ್ಣುಗಳ ಮೇಲೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಸಾಹೇಬರಿಗೆ ಆಟ ತಿಳಿದಿರಲಿಲ್ಲ. ಇವನಿಗೆ ತಿಳಿದಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆಸಿಕೊಂಡು ಯಮನಪ್ಪನವರು ಹೊರಟರು, ಲಗಮಣ್ಣ ಅವರ ಚೀಲ ಹೊತ್ತ. ಅವರು ಹೋದ ಊರಿಗೆಲ್ಲ ಅವರಿಗಿಂತ ಮೊದಲು ಆ ಕಾಗದ ಮುಟ್ಟಿತ್ತು. ಯಾವ ತಂಡವೂ ಕೆಲಸ ಕೊಡಲಿಲ್ಲ. ಕಥೆಯಲ್ಲಾದರೂ ನ್ಯಾಯ ಸಿಗಲಿ ಎಂದು ನೀವು ಕೇಳಬಹುದು. ಸಿಗಲಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ.

ಹೊಸ ಕೋಚ್ ಬಂದ. "ಏನ್ ಕಲಿಸ್ತೀರಿ?" ಎಂದು ಸಾಹೇಬರು ಕೇಳಿದಾಗ "ತಾವು ಹೇಳಿದ್ದ್ರೀ" ಎಂದ. ಸಾಹೇಬರಿಗೆ ಬಲು ಹಿಡಿಸಿದ. ಅವನು ಭೀಮಶಿಯ ಓಟವನ್ನು ಒಂದೇ ಸಲ ಹಾಕುತ್ತಿದ್ದ, ಚಪ್ಪಾಳೆ ತಟ್ಟುತ್ತಿದ್ದ, ಮನೆಗೆ ಹೋಗುತ್ತಿದ್ದ. ಅಡ್ಡ ನಿಲ್ಲುವ ಹತ್ತು ಜನರನ್ನು ತಿದ್ದುವವರು ಯಾರೂ ಇರಲಿಲ್ಲ. ಭೀಮಶಿ ಹಿಡಿದ ಚೆಂಡನ್ನೆಲ್ಲ ಹಿಡಿದುಕೊಂಡು ಓಡಿದ, ಹತ್ತು ಗಜ ಮುಟ್ಟುವ ಮೊದಲೇ ಬಿದ್ದ. ಮತ್ತೆ ಓಡಿದ, ಮತ್ತೆ ಬಿದ್ದ. ವರ್ಷ ಮುಗಿಯುವ ಹೊತ್ತಿಗೆ ಅವನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು.

ಸಾಹೇಬರು ಮತ್ತೆ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದರು. ಕೈಯಲ್ಲಿ ಕಾಗದವಿತ್ತು.

"ಭೀಮಶಿ, ನಿನ್ನ ಕಾಲಾಗ ದಮ್ಮ ಉಳದಿಲ್ಲ. ಈ ವರ್ಷ ಸೋತದ್ದು ನಿನ್ನಿಂದ."

"ಸಾಹೇಬ್ರ, ದಾರೀನ ಇಲ್ಲದಾಗ ನಾ ಹ್ಯಾಂಗ ಓಡ್ಲೀರೀ? ಮುಂದ ನಿಂತವರಿಗೆ ಯಾರೂ ಏನೂ ಕಲಿಸಿಲ್ರೀ. ಮಂಡಿ ಊರಾಕ ನೀವ ಬಿಡಲಿಲ್ಲ."

"ಕುಣೀಲಾರದವಳು ನೆಲಾ ಡೊಂಕು ಅಂದ್ಲಂತ" ಎಂದರು ಸಾಹೇಬರು. ಹೊಸ ಕೋಚ್ ಎಲ್ಲರಿಗಿಂತ ಮೊದಲು ನಕ್ಕ.

ಭೀಮಶಿ ಜತೆಯವರ ಕಡೆ ತಿರುಗಿದ. ಎದೆ ನೋಯುತ್ತಿದ್ದದ್ದರಿಂದ ಮೆಲ್ಲಗೆ ಕೇಳಿದ. "ನೀವರ ಹೇಳ್ರೋ."

ಒಬ್ಬನೂ ತಲೆ ಎತ್ತಲಿಲ್ಲ. ಏಳುವಂಥವನು ಒಬ್ಬನಿದ್ದ. ಅವನು ಹೋದ ವರ್ಷವೇ ಎದ್ದು ಹೋಗಿದ್ದ, ಆಗ ಭೀಮಶಿ ಅವನ ಕಡೆ ತಿರುಗಿ ಕೂಡ ನೋಡಿರಲಿಲ್ಲ. ಭೀಮಶಿಗೆ ಜತೆಯವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಸಿಟ್ಟಾಗುತ್ತಾನೆ? ಕಾಗದ ತೆಗೆದುಕೊಂಡು ಹೊರಗೆ ಬಂದ. ಅವನ ಚೀಲ ಹೊರಲು ಯಾರೂ ಬರಲಿಲ್ಲ.

ನೀತಿ: ಗೆಲುವು ಸೋಲು ನೋಡಿ ಕೆಲಸವನ್ನು ಅಳೆಯಬೇಡಿ, ಕೆಲಸವನ್ನೇ ನೋಡಿ ಅಳೆಯಿರಿ. ಅದೃಷ್ಟದಿಂದ ಗೆದ್ದ ತಪ್ಪು ಆಗಲೂ ತಪ್ಪೇ. ಮತ್ತೊಂದು ಮಾತು, ಇದು ದೊಡ್ಡವರಿಗೆ: ಸುಳ್ಳು ತಕ್ಕಡಿ ಇವತ್ತು ನಿಮ್ಮನ್ನು ಹೆಚ್ಚು ತೂಗಿತೆಂದು ಸುಮ್ಮನಿರಬೇಡಿ. ನಾಳೆ ನಿಮ್ಮನ್ನು ಕಡಿಮೆ ತೂಗುವುದೂ ಅದೇ ತಕ್ಕಡಿ. ಆಗ ನಿಮ್ಮ ಪರ ಮಾತಾಡಬೇಕಾದವರನ್ನು ನಿಮ್ಮ ಮೌನವೇ ಹೊರಗೆ ಕಳಿಸಿರುತ್ತದೆ.